ಸುಖವೂ ಸತ್ಸಂಗವೂ



ದೇವಸ್ಥಾನಕ್ಕೆ ಹೋಗುವವನು ಹೋಗದವನಿಗಿಂತ ಸುಖಿಯೇ? ಪಾಶ್ಚಾತ್ಯರು ಇದನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ 2019ರ ವರದಿಯಂತೆ, ಆ ದೇಶದಲ್ಲಿ ತಿಂಗಳಿಗೊಮ್ಮೆಯಾದರೂ ಪ್ರಾರ್ಥನೆಗೆ ಸೇರುವ ಮತಾನುಯಾಯಿಗಳಲ್ಲಿ ನೂರಕ್ಕೆ 36 ಮಂದಿ ತಾವು ಬಹಳ ಸುಖಿಗಳೆಂದರು; ಹೆಸರಿಗೆ ಮಾತ್ರ ಮತಸ್ಥರಾದವರಲ್ಲಿ 25, ಯಾವ ಮತಕ್ಕೂ ಸೇರದವರಲ್ಲಿಯೂ 25. ಆದರೆ ಚರ್ಚಿಗೆ ಹೋಗುವವರು ವಿರಳವಾದ ಫಿನ್ಲೆಂಡ್ ದೇಶವೇ 2018ರಿಂದ 2025ರವರೆಗೆ ಪ್ರತಿವರ್ಷವೂ ಸುಖೀ ದೇಶಗಳ ಪಟ್ಟಿಯ ಮೊದಲಲ್ಲಿ ನಿಂತಿತು! ಬದುಕು ಕಠಿಣವಾದ ನಾಡುಗಳಲ್ಲಿ ಧರ್ಮಕ್ಕೂ ಸುಖಕ್ಕೂ ನಂಟು ಹೆಚ್ಚು, ಅನುಕೂಲವಂತ ನಾಡುಗಳಲ್ಲಿ ಕಡಿಮೆ ಎಂದು 2011ರ ಇನ್ನೊಂದು ಅಧ್ಯಯನವು ತಿಳಿಸಿತು. ಮಳೆಯನ್ನೇ ನಂಬಿ ಬಾಳಿದ ನಮ್ಮ ನಗರಗೆರೆಯ ಸೀಮೆಗೆ ಇದು ಹೊಸ ಮಾತಲ್ಲ. ವಿದುರಾಶ್ವತ್ಥದಲ್ಲಿ ಸಾಲುಗಟ್ಟಿ ನಿಂತಿರುವ ನಾಗಶಿಲೆಗಳ ಹಿಂದೆ ಎಷ್ಟು ಮನೆಗಳ ಕೊರಗಿದೆಯೋ!

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಆನಂದವು ಸಾತ್ತ್ವಿಕ ಜೀವನ ಸ್ವರೂಪವೇ ಆಗಿದೆ. ಅದು ಸೇವೆಗೆ ಸಲ್ಲುವ ಕೂಲಿಯಲ್ಲ. ಮುಸುಕಿದ ಅವಿದ್ಯೆಯು ಶ್ರೀಹರಿಯ ಪ್ರಸಾದದಿಂದ ಸರಿದಾಗ ಅದು ತಾನೇ ಪ್ರಕಟವಾಗುವುದು. ಆದುದರಿಂದ ಆ 36ರ ಲೆಕ್ಕದ ಸುಖವನ್ನು ಮುಂದಿಟ್ಟು ಯಾರನ್ನಾದರೂ ದೇವಸ್ಥಾನಕ್ಕೆ ಕರೆಯುವುದು ನಮಗೆ ಒಪ್ಪಿಗೆಯಿಲ್ಲ, ಅದು ವ್ಯಾಪಾರವಾದೀತು.

ಆದರೂ ಒಂದು ಸಂಗತಿ ನಮ್ಮನ್ನು ತಟ್ಟಿತು. ಪ್ರಾರ್ಥನಾಸ್ಥಳದಲ್ಲಿ ಆಪ್ತ ಸ್ನೇಹಿತರಿರುವವರು ಮಾತ್ರವೇ ಹೆಚ್ಚು ತೃಪ್ತರು, ಒಬ್ಬಂಟಿಯಾಗಿ ಬಂದು ಹೋಗುವವರಿಗೆ ಆ ವಿಶೇಷವಿಲ್ಲವೆಂದು ಲಿಮ್ ಮತ್ತು ಪುಟ್ನಮ್ ಎಂಬ ವಿದ್ವಾಂಸರು 2010ರಲ್ಲಿ ತೋರಿಸಿದರು. ಗೀತೆಯ 10ನೇ ಅಧ್ಯಾಯದ 9ನೇ ಶ್ಲೋಕದಲ್ಲಿ ಭಗವಂತನು ತನ್ನ ಭಕ್ತರನ್ನು ವರ್ಣಿಸುವುದೂ ಹೀಗೆಯೇ: ಅವರು ಒಬ್ಬರಿಗೊಬ್ಬರು ತಿಳಿಸುತ್ತ, ಆತನ ಮಾತನ್ನೇ ಆಡುತ್ತ ತುಷ್ಟಿಯನ್ನು ಹೊಂದುವರು. ಒಬ್ಬರಿಗೊಬ್ಬರು ಎಂಬುದನ್ನು ನಾವು ಪ್ರವಚನದಲ್ಲಿ ಬೇಗನೆ ದಾಟಿಬಿಡುತ್ತೇವೆ.

ನಮ್ಮಿಂದಲೂ ಲೋಪವಾಗಿದೆ. ಒಂದು ಆರಾಧನೆಯಂದು, ಮಕ್ಕಳೆಲ್ಲರೂ ಬೆಂಗಳೂರು ಸೇರಿದ ವೃದ್ಧೆಯೊಬ್ಬರು ತೀರ್ಥಪ್ರಸಾದ ಸ್ವೀಕರಿಸಿ ಕಂಬದ ಬಳಿ ಸಂಜೆಯವರೆಗೆ ಸುಮ್ಮನೆ ಕುಳಿತಿದ್ದರು. ನಾವು ಎಲೆಗಳ ಲೆಕ್ಕದಲ್ಲಿದ್ದೆವು. ಯಾರೂ ಮಾತನಾಡಿಸಲಿಲ್ಲ. ಮುಂದಿನ ಪ್ರವಚನದ ದಿನ ಅವರು ಮತ್ತೆ ಬಂದಾಗ, "ಆರೋಗ್ಯವೇ, ತಾಯಿ?" ಎಂದಷ್ಟೇ ಕೇಳಿದೆವು. ತಮ್ಮ ಯಜಮಾನರು ನಿತ್ಯ ಪಾರಾಯಣ ಮಾಡುತ್ತಿದ್ದ ಹರಿಕಥಾಮೃತಸಾರದ ಹಳೆಯ ಪುಸ್ತಕವನ್ನು ಅವರು ಸೆರಗಿನಿಂದ ಹೊರತೆಗೆದರು. ಸುತ್ತಲಿನ ಮಾತೆಯರೂ ಬಂದು ಕುಳಿತರು. ಅಂದಿನ ಪ್ರವಚನವು ಅರ್ಧ ಗಂಟೆ ತಡವಾಗಿ ಆರಂಭವಾಯಿತು.