ನೋವಿಲ್ಲದಿರುವಾಗ ಪರೀಕ್ಷೆ ಬೇಕೋ?

ನಿಟ್ಟೂರು ಸೀಮೆಯವರಾದ ನಾವು ಕಡಬದ ಕೆರೆಯನ್ನು ಬಲ್ಲೆವು. ಮಳೆಗಾಲಕ್ಕೆ ಮುಂಚೆ ಕೆರೆಯ ಏರಿಯ ಮೇಲೆ ನಡೆದು, ಏಡಿಯು ಎಲ್ಲಿ ಬಿಲ ತೋಡಿದೆ, ಮಣ್ಣು ಎಲ್ಲಿ ಕುಸಿದಿದೆ ಎಂದು ನೋಡುವವನನ್ನು ಯಾರೂ ಅಂಜುಬುರುಕನೆಂದು ಹಾಸ್ಯಮಾಡುವದಿಲ್ಲ. ಬಿಲವು ಬೆರಳಷ್ಟಿರುವಾಗ ಒಂದು ಪುಟ್ಟಿ ಮಣ್ಣು ಸಾಕು; ಏರಿ ಒಡೆದ ಮೇಲೆ ಊರೆಲ್ಲಾ ಕೂಡಿದರೂ ನೀರು ನಿಲ್ಲದು. ಆದರೆ ಇದೇ ವಿವೇಕವನ್ನು ಶರೀರದ ವಿಷಯದಲ್ಲಿ ತೋರಿಸಬೇಕೆಂದರೆ, “ನೋವಿಲ್ಲ, ಜ್ವರವಿಲ್ಲ; ಇಲ್ಲದ ರೋಗವನ್ನು ಹುಡುಕಿಕೊಂಡು ಹೋಗುವದೇಕೆ?” ಅನ್ನುತ್ತೇವೆ. ಈ ಮಾತು ನ್ಯಾಯವಾದದ್ದೋ ಎಂಬದನ್ನು ವಿಚಾರಿಸೋಣ.

ಸ್ವಸ್ಥರಿಗೆ ವೈದ್ಯಮಾಡುವದು ಹೊಸ ಸಂಗತಿಯಲ್ಲ. ಸಿಡುಬಿನ ದಾಕನ್ನು ಹಾಕಿದ್ದು ರೋಗಿಗಳಿಗಲ್ಲ, ಆಡುವ ಮಕ್ಕಳಿಗೆ. ಹಾಗೆ ಮಾಡಿದ್ದರಿಂದಲೇ 1975ರ ತರುವಾಯ ನಮ್ಮ ದೇಶದಲ್ಲಿ ಆ ಬೇನೆ ಇಲ್ಲದೆ ಹೋಯಿತು.

ಈಗ ದೊಡ್ಡ ಕರುಳಿನ ಕ್ಯಾನ್ಸರ್, ಅಂದರೆ ಏಡಿಗಂತಿಯ ವಿಷಯವನ್ನು ನೋಡಿರಿ. ಅದು ಒಂದೇ ರಾತ್ರಿಯಲ್ಲಿ ಹುಟ್ಟುವ ರೋಗವಲ್ಲ. ಕರುಳಿನ ಒಳಮೈಯಲ್ಲಿ ಮೊದಲು ಮೊಳಕೆಯಂಥ ಸಣ್ಣ ಗಂಟು ಏಳುತ್ತದೆ. ಅಂಥವುಗಳಲ್ಲಿ ಹೆಚ್ಚಿನವು ಕೇಡುಮಾಡುವದಿಲ್ಲ. ಕೆಲವು ಮಾತ್ರ ಸುಮಾರು 10 ವರುಷಗಳಲ್ಲಿ ಮೆಲ್ಲಮೆಲ್ಲನೆ ಕ್ಯಾನ್ಸರಾಗುತ್ತವೆ. ಆ ಕಾಲವೆಲ್ಲಾ ನೋವು ಇಲ್ಲದಿರಬಹುದು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದ್ದರೆ ಅದನ್ನು ತಿಳಿಸುವ ಸುಲಭವಾದ ಪರೀಕ್ಷೆಯುಂಟು. ರಕ್ತವಿದ್ದ ಮಾತ್ರಕ್ಕೆ ಕ್ಯಾನ್ಸರಿದೆ ಎಂದರ್ಥವಲ್ಲ. ವೈದ್ಯರು ಕೊಲೊನೊಸ್ಕೋಪ್ ಎಂಬ ಬಾಗುವ ಕೊಳವೆಯನ್ನು ಒಳಗೆ ತೂರಿಸಿ ಕರುಳನ್ನು ನೋಡುವರು. ಸಣ್ಣ ಗಂಟು ಸಿಕ್ಕಿದರೆ ಸಾಮಾನ್ಯವಾಗಿ ಆಗಲೇ ತೆಗೆದುಬಿಡುವರು. ಬರಬಹುದಾಗಿದ್ದ ರೋಗವೇ ಹೀಗೆ ತಪ್ಪುತ್ತದೆ.

ಹೀಗಿರಲಾಗಿ ನಮ್ಮನ್ನು ತಡೆಯುವದೇನು? ಮುಖ್ಯವಾಗಿ ನಾಚಿಕೆಯೇ. ತೆಂಗಿನ ತೋಟದ ಒಬ್ಬ ಒಕ್ಕಲಿಗನಿದ್ದಾನೆಂದು ನೆನಸಿರಿ. ಮಲದಲ್ಲಿ ರಕ್ತ ಕಂಡು, ಮೂಲವ್ಯಾಧಿಯೆಂದು ತಾನೇ ತೀರ್ಮಾನಿಸಿ, ಹೆಂಡತಿಗೂ ಹೇಳದೆ ಮನೆಮದ್ದು ಮಾಡಿಕೊಳ್ಳುತ್ತಾನೆ. ತೂಕ ಇಳಿದು, ರಕ್ತಹೀನತೆಯಿಂದ ಬಳಲಿ ಬಿದ್ದ ಮೇಲೆ ಆಸ್ಪತ್ರೆಗೆ ಬಂದರೆ, ಗುಣವಾಗುವ ಸಮಯವು ಮೀರಿರಬಹುದು. ಅವನು ಅದನ್ನು ಮಾನವೆಂದು ಎಣಿಸಿದನು. ಆದರೆ ಹೆಂಡತಿ ಮಕ್ಕಳ ಅನ್ನವು ಯಾವ ದೇಹದ ದುಡಿಮೆಯಿಂದ ಬರುತ್ತದೋ, ಆ ದೇಹವು ಅವನೊಬ್ಬನದೇ ಆಗಿದೆಯೋ? ತನ್ನವರಿಗೆ ಸೇರಿದ್ದನ್ನು ಅವರಿಗೆ ತಿಳಿಸದೆ ಕಳೆದುಕೊಳ್ಳುವದು ಮಾನವಲ್ಲ, ಬಾಕಿಯುಳಿದ ಸಾಲವೇ.

“ಬಡವನಿಗೆ ಒಂದು ದಿನದ ಕೂಲಿ ಹೋದರೆ ಯಾರು ಕೊಡುವರು?” ಎಂಬ ಆಕ್ಷೇಪಣೆಯೂ ಉಂಟು. ಇದು ನಿಜವಾದ ಕಷ್ಟ. ಕೇಂದ್ರ ಸರ್ಕಾರವು 2016ರಲ್ಲಿ ಗೊತ್ತುಮಾಡಿದ ಕ್ರಮದಲ್ಲಿ 30 ವರುಷ ದಾಟಿದವರಿಗೆ ಬಾಯಿಯ ಕ್ಯಾನ್ಸರಿನ ತಪಾಸಣೆಯೂ, ಸ್ತ್ರೀಯರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಯೂ ಸೇರಿದವು, ಕರುಳಿನದು ಸೇರಲಿಲ್ಲ. ಆದಕಾರಣ ಇದರಲ್ಲಿ ನಾವೇ ಎಚ್ಚರವಾಗಿರತಕ್ಕದ್ದು. ಎಲ್ಲರೂ ನಾಳೆಯೇ ಬೆಂಗಳೂರಿಗೆ ಓಡಬೇಕೆಂದು ನಾವು ಹೇಳುವದಿಲ್ಲ. ಮಲದಲ್ಲಿ ರಕ್ತ, ಬಹುದಿನ ಬದಲಾಗಿರುವ ಮಲವಿಸರ್ಜನೆ, ಕಾರಣವಿಲ್ಲದೆ ತೂಕ ಇಳಿಯುವದು, ಇವು ಕಂಡವರು ತಡಮಾಡದೆ ಹತ್ತಿರದ ವೈದ್ಯರಿಗೆ ತಿಳಿಸಲಿ. ತಂದೆತಾಯಿಗಳಿಗಾಗಲಿ ಒಡಹುಟ್ಟಿದವರಿಗಾಗಲಿ ಈ ರೋಗವು ಬಂದಿದ್ದರೆ, ನೋವಿಲ್ಲದಿದ್ದರೂ 40 ವರುಷದೊಳಗಾಗಿ ವೈದ್ಯರನ್ನು ವಿಚಾರಿಸಲಿ. ದೊಡ್ಡ ಚಿಕಿತ್ಸೆ ಬೇಕಾದಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಯು ಬೆಂಗಳೂರಿನಲ್ಲುಂಟು.

ಉಳಿದ ನಮಗೂ ಕರ್ತವ್ಯವುಂಟು. ಅವನ ಸಂಗಡ ರೈಲು ಹತ್ತುವವರು ಯಾರು? ಅವನು ಬರುವ ತನಕ ತೋಟಕ್ಕೆ ನೀರು ಬಿಟ್ಟು ಹಸುವಿನ ಹಾಲು ಕರೆಯುವವರು ಯಾರು? ಏರಿಯ ಬಿಲವನ್ನು ಕಂಡವನೊಬ್ಬನಾದರೂ ಮಣ್ಣು ಹೊರುವದು ಊರಿನ ಕೆಲಸವಲ್ಲವೋ?