ಮಕ್ಕಳ ಏಕಾಂತ, ಹೆತ್ತವರ ಅಂಜಿಕೆ

ನಮ್ಮ ಶಿಕಾರಿಪುರ, ಸೊರಬದ ಕಡೆ ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿಕೊಳ್ಳುವುದು ವಾಡಿಕೆಯಲ್ಲ. ಹಾಕಿದ್ದು ಕಂಡರೆ ಪಕ್ಕದ ಮನೆಯವರು ಬಂದು 'ಯಾರಿಗಾದರೂ ಹುಷಾರಿಲ್ವಾ?' ಎಂದು ವಿಚಾರಿಸುತ್ತಾರೆ. ಇಂಥ ಮನೆಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಸಂಜೆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರೆ ಅಪ್ಪ ಅಮ್ಮನಿಗೆ ಏನನ್ನಿಸುತ್ತದೆ ಎಂದು ವಿವರಿಸಬೇಕಾಗಿಲ್ಲ. ಈಗಂತೂ ಹುಡುಗನ ಜೊತೆ ಒಂದು ಮೊಬೈಲೂ ಒಳಗೆ ಹೋಗಿರುತ್ತದೆ. ಆದರೆ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ಕಲಿಸುವುದು ಇದನ್ನೇ. ನಾಲ್ಕು ಜನ ನೋಡಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವುದು ಬೇಡ, ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಗುಟ್ಟಾಗಿ ಪ್ರಾರ್ಥಿಸಬೇಕು ಎಂಬುದು ಅಲ್ಲಿನ ಬೋಧೆ. ಹಾಗಾದರೆ, ತಮ್ಮ ಮಕ್ಕಳು ದಿನಕ್ಕೆ ಸ್ವಲ್ಪ ಹೊತ್ತಾದರೂ ದೇವರೊಡನೆ ಏಕಾಂತದಲ್ಲಿರಲಿ ಎಂದು ಬಯಸುವ ಕ್ರೈಸ್ತ ತಂದೆತಾಯಿಯರು ಒಂದು ಮುಚ್ಚಿದ ಬಾಗಿಲನ್ನು ಸಹಿಸಿಕೊಳ್ಳಬೇಕಾಗುತ್ತದೆ. ಎಲ್ಲಿಯವರೆಗೆ ಸಹಿಸಿಕೊಳ್ಳಬೇಕು?

ನಾನು ಕ್ರೈಸ್ತನಲ್ಲ, ಕನ್ನಡ ಪಾಠ ಹೇಳುವವನು. ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಸೊರಬದ ಹತ್ತಿರದ ಒಂದು ಮನೆಯಲ್ಲಿ. ಅಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕೂತು ಜಪಸರ ಹೇಳುತ್ತಾರೆ. ಆ ಮನೆಯ ತಾಯಿ ಒಂದು ದಿನ ನನ್ನ ಹತ್ತಿರ ದೂರಿದರು: 'ಮೇಷ್ಟ್ರೇ, ಇವನು ಪ್ರಾರ್ಥನೆಗೆ ಕೂರ್ತಾನೆ, ಬಾಯಿ ಆಡಿಸ್ತಾನೆ, ಮನಸ್ಸೆಲ್ಲ ಮೊಬೈಲಲ್ಲಿ. ದಿನಾ ಹತ್ತು ನಿಮಿಷ ಒಬ್ಬನೇ ದೇವರ ಹತ್ರ ಕೂತ್ಕೊಳೋ ಅಂದ್ರೆ ಅದೂ ಆಗಲ್ಲ ಇವನಿಗೆ.' ಹುಡುಗ ಎಸ್ಸೆಸ್ಸೆಲ್ಸಿ ಓದುತ್ತಿದ್ದ. ತಾಯಿ ಒಳಗೆ ಹೋದ ಮೇಲೆ ಅವನು ಮೆಲ್ಲಗೆ ಹೇಳಿದ: 'ಕೂತಿದ್ದೆ ಸಾರ್, ಒಂದು ವಾರ. ಎದ್ದ ತಕ್ಷಣ ಅಮ್ಮ, ಏನು ಕೇಳ್ಕೊಂಡೆ ಅಂತಾರೆ. ಓದಿನ ಬಗ್ಗೆ ಕೇಳ್ಕೊಂಡೆ ಅಂದ್ರೆ ಖುಷಿ. ಇಲ್ಲಾಂದ್ರೆ ಮುಖ ಸಣ್ಣಗಾಗತ್ತೆ. ಅದಕ್ಕೇ, ಅವರಿಗೆ ಹೇಳೋಕಾಗೋದನ್ನ ಮಾತ್ರ ಕೇಳ್ಕೊಳ್ತಾ ಇದ್ದೆ. ಆಮೇಲೆ ಅದೂ ಬೇಜಾರಾಯ್ತು.'

ಹುಡುಗ ಹೇಳಿದ್ದು ಸಣ್ಣ ಮಾತಲ್ಲ. ಅಮ್ಮನಿಗೆ ವರದಿ ಒಪ್ಪಿಸಬಹುದಾದದ್ದನ್ನೇ ದೇವರಲ್ಲಿ ಕೇಳುವುದಾದರೆ, ಆ ಪ್ರಾರ್ಥನೆಯನ್ನು ನಿಜವಾಗಿ ಕೇಳಿಸಿಕೊಳ್ಳುತ್ತಿರುವವರು ಅಮ್ಮ. ಯೇಸು ಬೇಡವೆಂದ ಬೀದಿಯ ಮೂಲೆ ಮನೆಯೊಳಕ್ಕೇ ಬಂದಂತಾಯಿತು. ನೋಡುವ ನಾಲ್ಕು ಜನರ ಬದಲಿಗೆ ಒಬ್ಬರೇ ಇದ್ದಾರೆ, ಅಷ್ಟೆ.

ಹಾಗೆಂದು ಆ ತಾಯಿಯ ಅಂಜಿಕೆಯನ್ನು ಹಗುರವಾಗಿ ಕಾಣುವುದೂ ತಪ್ಪು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇ. 1.87. ಶಿವಮೊಗ್ಗ ಪ್ರತ್ಯೇಕ ಕಥೋಲಿಕ ಧರ್ಮಕ್ಷೇತ್ರವಾದದ್ದೇ 1988ರಲ್ಲಿ. ನಮ್ಮ ಎರಡು ತಾಲ್ಲೂಕುಗಳಲ್ಲಿ ಕ್ರೈಸ್ತ ಮನೆಗಳು ಅಲ್ಲೊಂದು ಇಲ್ಲೊಂದು. ಮಗುವಿನ ತರಗತಿಯಲ್ಲಿ ಅದೊಂದೇ ಕ್ರೈಸ್ತ ಮಗುವಾಗಿರುವುದು ಸಾಮಾನ್ಯ. ಸುತ್ತಲಿನ ಬದುಕು ನೆನಪಿಸಿಕೊಡದ್ದನ್ನು ಮನೆಯೇ ನೆನಪಿಸಬೇಕು. ಆದ್ದರಿಂದ ಸಂಜೆಯ ಕುಟುಂಬ ಪ್ರಾರ್ಥನೆ ಅವರಿಗೆ ಭಕ್ತಿಯೂ ಹೌದು, ತಾವು ಯಾರು ಎಂಬ ಗುರುತೂ ಹೌದು. ಮಗ ಎದ್ದು ಒಬ್ಬನೇ ಒಳಗೆ ಹೋದರೆ ಜಪಸರದ ಒಂದು ಮಣಿ ಜಾರಿ ಬಿದ್ದಂತೆ ಕಾಣುತ್ತದೆ. ಏನು ಕೇಳಿಕೊಂಡೆ ಎಂಬ ಪ್ರಶ್ನೆಯ ಹಿಂದೆ ಈ ಭಯವಿದೆ.

ಮಕ್ಕಳಿಗೆ ಒಳಕೋಣೆ ಬೇಕು ಎಂದಾಗ ಮೊದಲು ಬರುವ ಉತ್ತರ, 'ನಮ್ಮ ಮನೆಯಲ್ಲಿ ಅಷ್ಟು ಜಾಗ ಎಲ್ಲಿದೆ?' ಎಂಬುದು. ನಡುಮನೆ, ಅಡುಗೆಮನೆ, ಒಂದು ಕೋಣೆ ಇರುವ ಮನೆಯಲ್ಲಿ ಇದು ನ್ಯಾಯವಾದ ಮಾತೇ. ಆದರೆ ಮತ್ತಾಯನ ಗ್ರೀಕ್ ಮೂಲದಲ್ಲಿ ಆ ಕೋಣೆಗೆ ಬಳಸಿರುವ ಪದ 'ತಾಮೇಯಾನ್'. ಅದಕ್ಕೆ ಉಗ್ರಾಣ ಎಂದೂ ಅರ್ಥವಿದೆ. ಕಾಳುಕಡಿ ತುಂಬಿಡುವ, ಮನೆಯ ತೀರ ಒಳಗಿನ ಕೋಣೆ. ಬಡವರ ಪುಟ್ಟ ಮನೆಗಳಿರುವ ನಾಡಿನಲ್ಲಿ ಯೇಸು ಅದಕ್ಕೆಂದೇ ಕಟ್ಟಿದ ಪ್ರಾರ್ಥನಾ ಮಂದಿರವನ್ನು ತೋರಿಸಲಿಲ್ಲ. ಭತ್ತದ ಮೂಟೆಗಳ ನಡುವೆ ಕೂರಬಹುದಾದಷ್ಟು ಜಾಗ ಸೊರಬದ ಮನೆಗಳಲ್ಲೂ ಸಿಗುತ್ತದೆ. ಅಟ್ಟ ಇದೆ, ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿದೆ, ಅಡಿಕೆ ತೋಟದ ಬದುವಿದೆ. 19ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ನಿನ ಹೆಸರಿನ ಹಿಂದಿರುವ ಜಾನ್ ವೆಸ್ಲಿಯ ತಾಯಿ ಸುಸಾನಾ ಬಗ್ಗೆ ಒಂದು ಕಥೆ ಹೇಳುತ್ತಾರೆ. ಮನೆ ತುಂಬ ಮಕ್ಕಳಿದ್ದ ಆಕೆಗೆ ಏಕಾಂತಕ್ಕೆ ಎಡೆಯೇ ಇರಲಿಲ್ಲವಂತೆ. ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯನ್ನು ಎತ್ತಿ ತಲೆಯ ಮೇಲೆ ಹೊದ್ದುಕೊಂಡರೆ ಅಮ್ಮ ಪ್ರಾರ್ಥನೆಯಲ್ಲಿದ್ದಾಳೆ, ಮಾತಾಡಿಸಬಾರದು ಎಂದು ಮಕ್ಕಳಿಗೆ ತಿಳಿಯುತ್ತಿತ್ತಂತೆ. ಈ ಕಥೆಯಲ್ಲಿ ಏಕಾಂತದಲ್ಲಿರುವವಳು ತಾಯಿ, ಅದನ್ನು ಕಾಯುತ್ತಿರುವವರು ಮಕ್ಕಳು. ಮಗುವನ್ನು ಒಳಗೆ ಕಳಿಸುವ ಮುಂಚೆ ತಾವು ಸೆರಗು ಹೊದ್ದು ಕೂತದ್ದನ್ನು ಆ ಮಗು ಕಂಡಿದೆಯೇ ಎಂದು ಅಪ್ಪ ಅಮ್ಮ ಕೇಳಿಕೊಳ್ಳಬೇಕು.

ಜಾಗ ಸಿಕ್ಕಿತು ಎನ್ನೋಣ. ಮುಂದಿನದು ಕಷ್ಟದ ಭಾಗ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಸಮುವೇಲನೆಂಬ ಹುಡುಗನ ಕಥೆಯಿದೆ. ಅವನು ಮುದಿ ಯಾಜಕ ಏಲಿಯ ಬಳಿ ಬೆಳೆಯುತ್ತಿದ್ದವನು. ರಾತ್ರಿ ಯಾರೋ ಹೆಸರು ಹಿಡಿದು ಕರೆದಂತಾಗಿ, ಏಲಿಯೇ ಕರೆದನೆಂದು ಮೂರು ಸಲ ಅವನ ಬಳಿಗೆ ಓಡುತ್ತಾನೆ. ಮೂರನೆಯ ಸಲ, ಕರೆಯುತ್ತಿರುವುದು ದೇವರು ಎಂದು ಏಲಿಗೆ ಹೊಳೆಯುತ್ತದೆ. ಮತ್ತೆ ಕರೆ ಬಂದರೆ ಹೇಗೆ ಓಗೊಡಬೇಕೆಂದು ಹೇಳಿಕೊಟ್ಟು, ಹೋಗಿ ಮಲಗು ಎಂದು ಕಳಿಸುತ್ತಾನೆ. ತಾನು ಅವನ ಜೊತೆ ಹೋಗುವುದಿಲ್ಲ. ಹಿರಿಯರು ಮಾಡಬಹುದಾದ ಸಹಾಯ ಇಷ್ಟೇ ಎಂದು ಕಥೆ ಮುಗಿಯಬಹುದಿತ್ತು, ಮುಗಿಯುವುದಿಲ್ಲ. ಆ ರಾತ್ರಿ ಹುಡುಗನಿಗೆ ಕೇಳಿಸಿದ್ದು ಏಲಿಯ ಮನೆತನಕ್ಕೇ ಬಂದ ಶಿಕ್ಷೆಯ ಮಾತು. ಮಕ್ಕಳ ದುಷ್ಟತನವನ್ನು ಏಲಿ ತಡೆಯಲಿಲ್ಲ ಎಂಬುದು ಅದರ ಕಾರಣ. ಬೆಳಿಗ್ಗೆ ಏಲಿಯೂ ನಮ್ಮ ಸೊರಬದ ತಾಯಿಯಂತೆಯೇ ಕೇಳುತ್ತಾನೆ, ಏನನ್ನೂ ಮುಚ್ಚಿಡಬೇಡ ಎಂದು ಒತ್ತಾಯಿಸುತ್ತಾನೆ. ಹುಡುಗ ಹೆದರುತ್ತಲೇ ಎಲ್ಲ ಹೇಳುತ್ತಾನೆ. ಏಲಿ ಸಿಟ್ಟಾಗುವುದಿಲ್ಲ, ಹುಡುಗನನ್ನು ಸುಳ್ಳುಗಾರ ಎನ್ನುವುದಿಲ್ಲ. ಇದು ದೇವರ ಮಾತು, ಅವನಿಗೆ ಸರಿ ಕಂಡದ್ದು ಆಗಲಿ ಎಂದು ಒಪ್ಪಿಕೊಳ್ಳುತ್ತಾನೆ. ಕೇಳಲೇಬೇಕು ಎನ್ನುವವರಿಗೆ ಈ ಎದೆಗಾರಿಕೆ ಇರಬೇಕು. ಮಗು ದೇವರಲ್ಲಿ ಹೇಳಿಕೊಳ್ಳುವ ಮಾತು 'ಅಪ್ಪ ಕುಡಿಯುವುದನ್ನು ಬಿಡಲಿ' ಎಂದಿರಬಹುದು. 'ನನಗೆ ಸೈನ್ಸ್ ಬೇಡ' ಎಂದಿರಬಹುದು. 'ನೀನು ಇದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ' ಎಂದೂ ಇರಬಹುದು.

ಹನ್ನೆರಡು ವರ್ಷದ ಯೇಸುವಿನ ಪ್ರಸಂಗವೂ ಇದಕ್ಕೆ ಹತ್ತಿರದ್ದು. ಪಾಸ್ಕ ಹಬ್ಬ ಮುಗಿಸಿ ಊರಿಗೆ ಹೊರಟ ಮರಿಯ, ಜೋಸೆಫರು ಒಂದು ದಿನದ ದಾರಿ ನಡೆದ ಮೇಲೆ ಮಗನಿಲ್ಲವೆಂದು ಗಾಬರಿಯಾಗುತ್ತಾರೆ. ಮೂರು ದಿನದ ಬಳಿಕ ಜೆರುಸಲೇಮಿನ ದೇವಾಲಯದಲ್ಲಿ ಸಿಕ್ಕಾಗ ತಾಯಿ ಗದರಿಸುತ್ತಾಳೆ. ಮಗನ ಉತ್ತರ ಇಬ್ಬರಿಗೂ ಅರ್ಥವಾಗಲಿಲ್ಲ ಎಂದು ಲೂಕ ಬಿಡಿಸಿಯೇ ಬರೆಯುತ್ತಾನೆ. ಮಗ ಅವರ ಜೊತೆ ಊರಿಗೆ ಹೋಗಿ ಹೇಳಿದಂತೆ ಕೇಳಿಕೊಂಡು ಇದ್ದ, ತಾಯಿ ಆ ಸಂಗತಿಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡಳು ಎಂದೂ ಬರೆಯುತ್ತಾನೆ. ಅರ್ಥವಾಗದ್ದನ್ನು ಕೆದಕದೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಹೆತ್ತವರ ಸೋಲಲ್ಲ, ಅದೂ ಒಂದು ಭಕ್ತಿ.

ಈ ಮಾತನ್ನು ಒಪ್ಪಲು ನಮ್ಮ ಸೀಮೆಯವರು ಬೈಬಲನ್ನೇ ಓದಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಶಿರಾಳಕೊಪ್ಪದ ಮಗ್ಗುಲಿನ ಬಳ್ಳಿಗಾವಿ ಅಲ್ಲಮಪ್ರಭುವಿನದು. ಹರಿಹರನ ರಗಳೆಯಲ್ಲಿ ಅಕ್ಕನ ತಂದೆತಾಯಿ ಶಿವಭಕ್ತರೇ. ಮಗಳಿಗೆ ಭಕ್ತಿಯ ವಾತಾವರಣ ಕೊಟ್ಟವರು ಅವರು. ಆದರೆ ಆ ಭಕ್ತಿ ಮಗಳನ್ನು ಕೌಶಿಕನ ಅರಮನೆಯಾಚೆ, ಊರಾಚೆ, ಶ್ರೀಶೈಲದವರೆಗೆ ಒಯ್ಯುತ್ತದೆಂದು ಅವರು ಎಣಿಸಿರಲಾರರು. ಉಡುತಡಿಯಲ್ಲಿ ಇವತ್ತು ಅಕ್ಕನಿಗೆ ಕೈಮುಗಿಯುವ ನಾವು, ನಮ್ಮ ಮಗಳು ಅವಳಷ್ಟೇ ಗಟ್ಟಿಯಾಗಿ 'ಇದು ನನ್ನ ಮತ್ತು ನನ್ನ ದೇವರ ವಿಷಯ' ಎಂದರೆ ಏನು ಮಾಡುತ್ತೇವೆ? ಹಿಂದೂ ಮನೆಗೂ ಕ್ರೈಸ್ತ ಮನೆಗೂ ಈ ಪ್ರಶ್ನೆ ಒಂದೇ. ಮಗುವಿಗೆ ದೇವರನ್ನು ಪರಿಚಯಿಸುವುದೆಂದರೆ ನಮಗಿಂತ ದೊಡ್ಡ ಅಧಿಕಾರವೊಂದನ್ನು ಪರಿಚಯಿಸುವುದು. ಪರಿಚಯ ಮಾಡಿಸಿದ ಮೇಲೆ ಆ ಮಾತುಕತೆ ನಮ್ಮ ಮೂಲಕವೇ ನಡೆಯಬೇಕು ಎನ್ನುವುದು ಹೊಂದುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಚಿಲಕ ಹಾಕಿಕೊಂಡ ಮಗು ಪ್ರಾರ್ಥಿಸುತ್ತಿದೆ ಎಂದು ಯಾರು ಕಂಡರು? ಅಳುತ್ತಿರಬಹುದು, ಯಾರದೋ ಬೆದರಿಕೆಯ ಮೆಸೇಜು ಓದುತ್ತಿರಬಹುದು, ಪರೀಕ್ಷೆಯ ಭಯದಲ್ಲಿ ಏನಾದರೂ ಮಾಡಿಕೊಳ್ಳಲು ಹೊರಟಿರಬಹುದು. ಏಕಾಂತ ಬೇರೆ, ಒಂಟಿತನ ಬೇರೆ. ಏಕಾಂತದಿಂದ ಎದ್ದು ಬಂದ ಮಗುವಿಗೆ ಹಸಿವಾಗುತ್ತದೆ, ತಂಗಿಯ ಜೊತೆ ಜಗಳವಾಡುತ್ತದೆ, ಅಂಗಳಕ್ಕೆ ಇಳಿಯುತ್ತದೆ. ಒಂಟಿತನದಲ್ಲಿ ಊಟ, ನಿದ್ದೆ, ಗೆಳೆಯರು ಒಂದೊಂದಾಗಿ ಬಿಟ್ಟುಹೋಗುತ್ತವೆ. ಅದು ಕಂಡರೆ ಬಾಗಿಲು ತಟ್ಟಬೇಕು, ಬೇಕಾದರೆ ಮುರಿಯಬೇಕು, ವೈದ್ಯರ ಬಳಿಗೂ ಕರೆದೊಯ್ಯಬೇಕು. 'ಊಟ ಯಾಕೆ ಬಿಟ್ಟೆ ಮಗಾ?' ಎಂದು ಕೇಳುವ ಹಕ್ಕು ತಾಯಿಗೆ ಯಾವಾಗಲೂ ಇದೆ. 'ದೇವರ ಹತ್ತಿರ ಏನು ಹೇಳಿದೆ?' ಎಂಬುದು ಬೇರೆಯೇ ಜಾತಿಯ ಪ್ರಶ್ನೆ. 1989ರ ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ 14ನೆಯ ವಿಧಿ ಮಗುವಿನ ವಿಚಾರ, ಅಂತಃಸಾಕ್ಷಿ, ಧರ್ಮದ ಸ್ವಾತಂತ್ರ್ಯವನ್ನೂ ಹೇಳುತ್ತದೆ, ದಾರಿ ತೋರಿಸುವ ತಂದೆತಾಯಿಯರ ಹಕ್ಕನ್ನೂ ಒಪ್ಪುತ್ತದೆ. ಆದರೆ ಮಗು ಬಲಿತಂತೆ ಆ ದಾರಿ ತೋರಿಸುವ ರೀತಿಯೂ ಬದಲಾಗಬೇಕು ಎನ್ನುತ್ತದೆ. ಆರು ವರ್ಷದವನ ಕೈಹಿಡಿದು ಶಿಲುಬೆಯ ಗುರುತು ಹಾಕಿಸಬಹುದು. ಹದಿನಾರರವನ ಕೈಯನ್ನು ಹಾಗೆ ಹಿಡಿಯಲಾಗದು.

ಇನ್ನು ಗದ್ದಲದ ಮಾತು. ದೀಪಾವಳಿ ಆದ ಮೇಲೆ ನಮ್ಮ ಊರುಗಳಲ್ಲಿ ಹೋರಿ ಹಬ್ಬದ ಕೂಗು, ಜೋಳ ಒಕ್ಕುವ ದಿನಗಳಲ್ಲಿ ಯಂತ್ರದ ಸದ್ದು, ಉಳಿದ ದಿನ ಟೀವಿ. ಸಂತೆಯಲ್ಲಿ ಮನೆ ಮಾಡಿಕೊಂಡವರು ಸದ್ದೆಂದು ದೂರಿ ಪ್ರಯೋಜನವಿಲ್ಲ ಎಂಬ ಅರ್ಥದ ಮಾತನ್ನು ಅಕ್ಕ ಎಂದೋ ಹೇಳಿಹೋಗಿದ್ದಾಳೆ. ಪೂರಾ ನಿಶ್ಶಬ್ದಕ್ಕೆ ಕಾದರೆ ಅದು ಬರುವುದಿಲ್ಲ. ಬೇಕಾದದ್ದು ದಿನವೂ ಒಂದೇ ಹೊತ್ತು, ಹತ್ತೇ ನಿಮಿಷ. ಬೆಳಿಗ್ಗೆ ಹಾಲಿನವನು ಬರುವ ಮುಂಚೆ ಆಗಬಹುದು, ರಾತ್ರಿ ಪುಸ್ತಕ ಮುಚ್ಚಿದ ಮೇಲೂ ಆಗಬಹುದು. ಆ ಹತ್ತು ನಿಮಿಷ ಮನೆಯ ಎಲ್ಲ ಮೊಬೈಲುಗಳೂ ಅಡುಗೆಮನೆಯ ಗೂಡಿನಲ್ಲಿರಲಿ, ಮೊದಲು ಇಡುವವರು ಅಪ್ಪನಾಗಲಿ. ಬರೆಯುವ ಮಗುವಿಗೆ ಒಂದು ನೋಟ್‌ಬುಕ್ ಕೊಡಿಸಿ, ಅದನ್ನು ತೆರೆದು ನೋಡದಿರಿ. ಮಾರ್ಕ್ಸ್ ಕಡಿಮೆ ಬಂದಾಗ 'ಪ್ರಾರ್ಥನೆ ಮಾಡಿ ಏನಾಯ್ತು?' ಎನ್ನದಿರಿ. ಕುಟುಂಬ ಪ್ರಾರ್ಥನೆ ಮೊದಲಿನಂತೆ ಎಲ್ಲರದಾಗಿ ನಡೆಯಲಿ. ಅಲ್ಲಿ ಕಲಿತ ಮಾತುಗಳೇ ಮಗುವಿಗೆ ಒಂಟಿಯಾಗಿ ಕೂತಾಗ ಬಂಡವಾಳ.

ಇಷ್ಟೆಲ್ಲ ಮಾಡಿದರೂ ಮಗು ಆ ಹತ್ತು ನಿಮಿಷ ಸುಮ್ಮನೆ ಗೋಡೆ ನೋಡುತ್ತ ಕೂತಿರಬಹುದು. ನಮಗೆ ಅದು ಗೊತ್ತಾಗುವುದಿಲ್ಲ, ಗೊತ್ತಾಗದಿರುವುದೇ ಇಲ್ಲಿನ ಕರಾರು. ಮಕ್ಕಳಿಗೆ ಊಟ, ಬಟ್ಟೆ, ಫೀಸು ಕೊಡುವಾಗ ಅದು ಎಲ್ಲಿ ಹೋಯಿತೆಂದು ಲೆಕ್ಕ ಕೇಳಬಹುದು. ಏಕಾಂತವನ್ನು ಲೆಕ್ಕ ಕೇಳದೆಯೇ ಕೊಡಬೇಕು. ದೇವರನ್ನು ನಂಬುತ್ತೇವೆ ಎನ್ನುವ ಅಪ್ಪ ಅಮ್ಮಂದಿರಿಗೆ ಇದು ಸುಲಭವಾಗಬೇಕಿತ್ತು. ಬಾಗಿಲಿನ ಆಚೆ ತಮ್ಮ ಮಗು ಒಂದೇ ಇಲ್ಲ ಎಂಬುದೇ ಅಲ್ಲವೇ ಅವರ ನಂಬಿಕೆ?