ತರತಮ ಬೇರೆ, ಪಕ್ಷಪಾತ ಬೇರೆ

‘ಇದು ತಾರತಮ್ಯ’ ಎಂದುಬಿಟ್ಟರೆ ಈಗ ವಾದ ಮುಗಿಯಿತು. ಬಾಶೆಟ್ಟಿಹಳ್ಳಿಯಲ್ಲಿ ಶಿಫ್ಟ್ ಬಿಟ್ಟ ಹೊತ್ತಿಗೆ ಟೀ ಅಂಗಡಿ ಮುಂದೆ ನಿಂತು ಸಿನಿಮಾ ಮಾತಾಡುವ ಹುಡುಗರ ಬಾಯಲ್ಲೂ ಅದೇ, ಟೀವಿ ಚರ್ಚೆಯಲ್ಲೂ ಅದೇ. ‘ಉರಿ’ ಸಿನಿಮಾ ಸೇನೆಯ ಪ್ರಚಾರ ಎಂದು ಒಬ್ಬರು ಅಂದರೆ, ‘ಹಾಲಿವುಡ್‌ನ ಸೂಪರ್‌ಹೀರೋಗಳು ಮಾಡುವುದೇನು? ಅವರನ್ನೇಕೆ ಬಿಟ್ಟಿರಿ?’ ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಆ ಪ್ರಶ್ನೆ ಕೇಳಬೇಕಾದದ್ದೇ. ಅದನ್ನೇ ಉತ್ತರವೆಂದು ಬಗೆಯುವುದು ತಪ್ಪು. ಪಕ್ಕದ ಮನೆ ಸೋರುತ್ತದೆ ಎಂದು ತೋರಿಸಿಕೊಟ್ಟರೆ ನಮ್ಮ ಸೂರು ಗಟ್ಟಿಯಾಗುವುದಿಲ್ಲ.

ಪದವನ್ನೇ ಬಿಡಿಸಿ ನೋಡೋಣ. ‘ತರ’ ಎಂದರೆ ಇನ್ನೊಂದಕ್ಕಿಂತ ಹೆಚ್ಚಿನದು, ‘ತಮ’ ಎಂದರೆ ಎಲ್ಲಕ್ಕಿಂತ ಹೆಚ್ಚಿನದು. ಈ ಮೆಟ್ಟಿಲುಗಳನ್ನು ಗುರುತಿಸುವುದೇ ತಾರತಮ್ಯ. ಮಧ್ವರ ದರ್ಶನದಲ್ಲಿ ಅದು ಮುಖ್ಯ ತತ್ತ್ವ. ಜೀವರಲ್ಲಿ ಮೇಲುಕೀಳು ಇದೆ ಎಂಬುದನ್ನು ನಾನು ಒಪ್ಪುವವನಲ್ಲ. ಆದರೆ ಮನುಷ್ಯರು ಮಾಡುವ ಕೆಲಸಗಳಲ್ಲಿ ತರತಮ ನೋಡದಿದ್ದರೆ ವಿಮರ್ಶೆಗೆ ಅರ್ಥವೇ ಉಳಿಯುವುದಿಲ್ಲ. ‘ಅಷ್ಟೂ ತರತಮ ಜ್ಞಾನ ಬೇಡವೇ?’ ಎಂದು ಮನೆಯ ಹಿರಿಯರು ಗದರುತ್ತಿದ್ದದ್ದು ಈ ವಿವೇಕವನ್ನು ನೆನೆದೇ. ಇಂದು ಅದೇ ಪದ ಪಕ್ಷಪಾತದ ಇನ್ನೊಂದು ಹೆಸರಾಗಿಬಿಟ್ಟಿದೆ.

ಇವೆರಡನ್ನೂ ಬೇರೆ ಮಾಡುವ ಗೆರೆ ಒಂದೇ. ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಕಂಡಾಗ, ಹಾಗೆ ಕಾಣಲು ಕಾರಣ ಸಂಗತಿಯಲ್ಲಿದೆಯೋ, ನೋಡುವವನ ಒಲವಿನಲ್ಲಿದೆಯೋ? ಸಂಗತಿಯಲ್ಲಿದ್ದರೆ ತರತಮ, ಒಲವಿನಲ್ಲಿದ್ದರೆ ಪಕ್ಷಪಾತ. ಸಮಾನವಾದದ್ದನ್ನು ಸಮಾನವಾಗಿಯೂ ಅಸಮಾನವಾದದ್ದನ್ನು ಅದರ ವ್ಯತ್ಯಾಸಕ್ಕೆ ತಕ್ಕಂತೆಯೂ ಕಾಣುವುದೇ ನ್ಯಾಯ ಎಂದು ಅರಿಸ್ಟಾಟಲ್ ಹೇಳಿದ್ದರ ತಿರುಳೂ ಇದೇ.

ಮೂರು ಸಿನಿಮಾಗಳನ್ನು ಎದುರಿಗಿಟ್ಟುಕೊಳ್ಳೋಣ. 2008ರ ‘ಐರನ್ ಮ್ಯಾನ್’ಗೆ ಅಮೆರಿಕದ ವಾಯುಪಡೆ ನೆರವಾಗಿತ್ತು, ಎಡ್ವರ್ಡ್ಸ್ ವಾಯುನೆಲೆಯಲ್ಲೇ ಚಿತ್ರೀಕರಣ ನಡೆದಿತ್ತು. 2012ರ ‘ದಿ ಅವೆಂಜರ್ಸ್’ ವಿಷಯದಲ್ಲಿ ಅಮೆರಿಕದ ಸೇನಾ ಕೇಂದ್ರವಾದ ಪೆಂಟಗನ್ ಹಿಂದೆ ಸರಿಯಿತು. ಕತೆಯಲ್ಲಿ ಬರುವ ಶೀಲ್ಡ್ ಎಂಬ ಸಂಸ್ಥೆ ಯಾರ ಆಜ್ಞೆಗೆ ಒಳಪಟ್ಟದ್ದು ಎಂಬುದು ಅದಕ್ಕೆ ಬಗೆಹರಿಯಲಿಲ್ಲ. 2019ರ ಮಾರ್ಚ್ 8ರಂದು ಬಂದ ‘ಕ್ಯಾಪ್ಟನ್ ಮಾರ್ವೆಲ್’ನ ನಾಯಕಿ ಸ್ವತಃ ವಾಯುಪಡೆಯ ಪೈಲಟ್. ಆ ಸಿನಿಮಾದ ಪ್ರಥಮ ಪ್ರದರ್ಶನಕ್ಕೆ ವಾಯುಪಡೆಯ ಪ್ರದರ್ಶನ ತಂಡ ಥಂಡರ್‌ಬರ್ಡ್ಸ್‌ನ ವಿಮಾನಗಳು ಹಾರಿಬಂದವು, ಅದೇ ಹೊತ್ತಿಗೆ ಚಿತ್ರಮಂದಿರಗಳಲ್ಲಿ ಸೇನಾ ಭರ್ತಿಯ ಜಾಹೀರಾತೂ ಓಡಿತು.

‘ಅವೆಂಜರ್ಸ್’ಗಿಂತ ‘ಕ್ಯಾಪ್ಟನ್ ಮಾರ್ವೆಲ್’ ಹೆಚ್ಚು ಟೀಕೆಗೆ ಗುರಿಯಾದರೆ ಅದು ತರತಮ. ಒಂದಕ್ಕೆ ಸೇನೆಯ ನೆರವಿಲ್ಲ, ಇನ್ನೊಂದಕ್ಕೆ ಭರ್ತಿಯ ಜಾಹೀರಾತೇ ಜೊತೆಗಿದೆ. ‘ಐರನ್ ಮ್ಯಾನ್’ಗಿಂತ ಹೆಚ್ಚು ಗುರಿಯಾದಾಗ? ಜಾಹೀರಾತಿನ ಪಾಲನ್ನು ಕಳೆದರೂ ಏನೋ ಉಳಿಯುತ್ತದೆ. ಗಂಡು ನಾಯಕನಿಗೆ ಸಲೀಸಾಗಿ ಸಿಕ್ಕ ಮಾಫಿ ಹೆಣ್ಣಿಗೆ ಸಿಗಲಿಲ್ಲ ಎಂದೇ ನನ್ನ ಅನಿಸಿಕೆ. ಹಾಗಾದರೆ ಆಕೆಯನ್ನು ಬಿಟ್ಟುಬಿಡಬೇಕೆ? ಬೇಡ, ಆತನನ್ನೂ ಕರೆದು ನಿಲ್ಲಿಸಬೇಕು. ಎರಡೂ ಕತೆಗಳ ಹೂಟ ಒಂದೇ. ಒಂದರಲ್ಲಿ ಖಳ ಶಸ್ತ್ರ ವ್ಯಾಪಾರಿ, ಇನ್ನೊಂದರಲ್ಲಿ ಸುಳ್ಳು ಹೇಳುವುದು ಬೇರೆ ಲೋಕದ ಸೇನೆ. ನೆರವು ಕೊಟ್ಟ ವಾಯುಪಡೆಗೆ ಮಾತ್ರ ಎಲ್ಲೂ ಕಲೆ ಹತ್ತುವುದಿಲ್ಲ.

‘ಉರಿ’ ಬಿಡುಗಡೆಯಾದದ್ದು 2019ರ ಜನವರಿ 11ರಂದು. ಫೆಬ್ರವರಿ 1ರ ಬಜೆಟ್ ಭಾಷಣದಲ್ಲೇ ಅದರ ಹೆಸರು ಬಂತು. ಸರ್ಕಾರ ಇಷ್ಟು ಹತ್ತಿರದಿಂದ ಎತ್ತಿಕೊಂಡ ಸಿನಿಮಾವನ್ನು ಬಿಗಿಯಾಗಿ ಪರೀಕ್ಷಿಸುವುದೂ ತರತಮವೇ. ‘ಉರಿ’ಯನ್ನು ಬೈದು ‘ಐರನ್ ಮ್ಯಾನ್’ಗೆ ಶಿಳ್ಳೆ ಹಾಕುವವರೂ, ಇದರ ತಿರುಗುಮುರುಗು ಮಾಡುವವರೂ ಪಕ್ಷಪಾತಿಗಳೇ.

ಸೈನಿಕರ ಕತೆಯಲ್ಲಿ ಏನಿರಬೇಕು, ಏನಿರಬಾರದು ಎಂದು ಆಳುವವರೇ ತೀರ್ಮಾನಿಸುವ ವಿಷಯಕ್ಕೆ ಬಂದರೆ, ನಾನು ಜಗಳವಾಡಬೇಕಾದದ್ದು ಪ್ಲೇಟೋ ಜೊತೆ. ನಾಡು ಕಾಯುವವರಿಗೆ ಸಾವಿನ ಭಯ ಹುಟ್ಟಬಾರದು, ಆದ್ದರಿಂದ ಹೋಮರನ ಕಾವ್ಯದಿಂದ ಸತ್ತವರ ಲೋಕದ ಘೋರ ವರ್ಣನೆಗಳನ್ನೂ ವೀರರ ಗೋಳಾಟವನ್ನೂ ಅಳಿಸಿಹಾಕಬೇಕು ಎಂದು ‘ರಿಪಬ್ಲಿಕ್’ನ ಮೂರನೇ ಪುಸ್ತಕದಲ್ಲಿ ವಾದಿಸಿದ್ದಾನೆ. ಚಿತ್ರಕಥೆ ನೋಡಿ ನೆರವು ಕೊಡುವ ಪೆಂಟಗನ್ ಕಚೇರಿಯ ಮೂಲಪುರುಷ ಅವನೇ. 2020ರಲ್ಲಿ ನಮ್ಮ ರಕ್ಷಣಾ ಸಚಿವಾಲಯವೂ, ಸೇನೆಯ ಕುರಿತ ಸಿನಿಮಾಗಳಿಗೆ ಮೊದಲು ತನ್ನ ನಿರಾಕ್ಷೇಪಣಾ ಪತ್ರ ಬೇಕು ಎಂದು ಸೆನ್ಸಾರ್ ಮಂಡಳಿಗೆ ಬರೆಯಿತು. 2022ರಲ್ಲಿ, ಸಲಿಂಗಿ ಸೇನಾಧಿಕಾರಿಯೊಬ್ಬರ ಬದುಕಿನಿಂದ ಪ್ರೇರಿತವಾದ ನಿರ್ದೇಶಕ ಓನಿರ್ ಅವರ ಚಿತ್ರಕಥೆಗೆ ಆ ಪತ್ರ ಸಿಗಲಿಲ್ಲ. ಅಳುವ ವೀರನನ್ನು ಅಳಿಸಿಹಾಕುವುದರಿಂದ ಸೈನಿಕನಿಗೆ ಧೈರ್ಯ ಬರುವುದಿಲ್ಲ. ಅವನನ್ನು ಕಳಿಸುವ ನಮಗೆ ಅಳುಕು ಹೋಗುತ್ತದೆ, ಅಷ್ಟೇ.

ಆದ್ದರಿಂದ ಎಲ್ಲ ಸಿನಿಮಾಗಳಿಗೂ ನಾನು ಹಿಡಿಯುವ ಅಳತೆಗೋಲು ಇದು: ಸೈನಿಕನ ಮೈ ತೆರುವ ಬೆಲೆಯನ್ನು ಅದು ತೋರಿಸುತ್ತದೆಯೋ, ಮುಚ್ಚುತ್ತದೆಯೋ? ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನಹಾರ’ದಲ್ಲಿ (1990) ಸಮವಸ್ತ್ರದ ಹೆಮ್ಮೆ ಬೇಕಾದಷ್ಟಿದೆ. ಆದರೂ ಕೊಡಗಿನ ಯೋಧ ಅಚ್ಚಪ್ಪನ ಮನೆಗೆ ಯುದ್ಧ ಏನು ಮಾಡಿತು ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಸೂಪರ್‌ಹೀರೋ ಸಿನಿಮಾ ಮುಚ್ಚುತ್ತದೆ. ಕ್ಯಾಪ್ಟನ್ ಮಾರ್ವೆಲ್ ವಿಮಾನ ಬಿದ್ದ ಮೇಲೂ ಬದುಕುತ್ತಾಳೆ, ಅಲ್ಲಿನ ಸ್ಫೋಟದಿಂದಲೇ ಅವಳಿಗೆ ಶಕ್ತಿ ಬರುತ್ತದೆ. ಆ ಪಾತ್ರಕ್ಕಾಗಿ ನಟಿಗೆ ನೆರವಾಗಿದ್ದ ಥಂಡರ್‌ಬರ್ಡ್ಸ್ ಪೈಲಟ್ 2018ರ ಏಪ್ರಿಲ್‌ನಲ್ಲಿ ತರಬೇತಿ ಹಾರಾಟದಲ್ಲಿ ತೀರಿಕೊಂಡರು.

ನಮ್ಮ ಬಾಶೆಟ್ಟಿಹಳ್ಳಿಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಯಲಹಂಕ ವಾಯುನೆಲೆ ಇದೆ. 2019ರ ಫೆಬ್ರವರಿ 19ರಂದು, ಅಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಶುರುವಾಗುವ ಹಿಂದಿನ ದಿನ, ಅಭ್ಯಾಸದಲ್ಲಿದ್ದ ನಮ್ಮ ವಾಯುಪಡೆಯ ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ ಬಿದ್ದವು. ಇಬ್ಬರು ಪೈಲಟ್‌ಗಳು ಪಾರಾದರು, ಒಬ್ಬರು ಉಳಿಯಲಿಲ್ಲ. ‘ಉರಿ’ ಬಂದು ಆರು ವಾರವೂ ಆಗಿರಲಿಲ್ಲ, ‘ಕ್ಯಾಪ್ಟನ್ ಮಾರ್ವೆಲ್’ ಬರಲು ಮೂರು ವಾರವೂ ಇರಲಿಲ್ಲ. ಯಾವ ಸಿನಿಮಾವನ್ನು ಯಾರು ಎಷ್ಟು ಬೈದರು ಎಂದು ಲೆಕ್ಕ ಹಾಕುವ ಮೊದಲು, ಮನೆಗೆ ಬಾರದೆ ಹೋದ ಆ ಒಬ್ಬ ಪೈಲಟ್‌ಗೆ ಅದರ ಕತೆಯಲ್ಲಿ ಜಾಗವಿದೆಯೇ ಎಂದು ನೋಡೋಣ. ಆಮೇಲೆ ಟೀಕೆ ಒಂದಕ್ಕೆ ಹೆಚ್ಚಾಗಿ ಇನ್ನೊಂದಕ್ಕೆ ಕಡಿಮೆಯಾದರೆ, ಅದನ್ನು ಧೈರ್ಯವಾಗಿ ತಾರತಮ್ಯ ಎಂದೇ ಕರೆಯಬಹುದು.